ನಿಮಗಿದು ಗೊತ್ತೇ? ಚಿಪ್‌ನೊಳಗೆ ಕಾಸಿನ ರೆಸಿಸ್ಟರೇ ದುಬಾರಿ!

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದಕ್ಕೆ ಹೋಗಿ ನೋಡಿ. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರುಗಳು. ‘ಹತ್ತು ಕೆ ಕೊಡಿ’ ಅಂದರೆ ಸಾಕು, ಕಾಗದದ ಪಟ್ಟಿಗೆ ಅಂಟಿಸಿದ ರೆಸಿಸ್ಟರುಗಳನ್ನು ಟರ್ರನೆ ಹರಿದು ಕೈಗಿಡುತ್ತಾರೆ. ಕಂದು, ಕಪ್ಪು, ಕಿತ್ತಳೆ ಪಟ್ಟೆ ಇದ್ದರೆ 10 ಕಿಲೋಓಮ್. ಇದಕ್ಕಿಂತ ಅಗ್ಗದ ಸಾಮಾನು ಆ ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ಅದೇ 10 ಕಿಲೋಓಮನ್ನು ಐಸಿಯ, ಅಂದರೆ ಚಿಪ್‌ನ, ಒಳಗೆ ಕೂರಿಸಲು ಹೊರಟಿರೋ, ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಟ್ರಾನ್ಸಿಸ್ಟರ್ ಅಗ್ಗ, ರೆಸಿಸ್ಟರ್ ದುಬಾರಿ!

ಯಾಕೆ ಗೊತ್ತೇ? ಚಿಪ್‌ನೊಳಗೆ ಬೆಲೆ ಇರುವುದು ಜಾಗಕ್ಕೆ, ಥೇಟ್ ಬೆಂಗಳೂರಿನ ಸೈಟಿನ ಹಾಗೆ. ಇಲ್ಲಿ ಚದರ ಅಡಿ, ಅಲ್ಲಿ ಚದರ ಮೈಕ್ರಾನ್, ಅಷ್ಟೇ ವ್ಯತ್ಯಾಸ. ಒಂದು ದೊಡ್ಡ ರೆಸಿಸ್ಟರ್ ಕಾಲು ಚಾಚಿ ಮಲಗುವ ಜಾಗದಲ್ಲಿ ಹತ್ತಾರು ಟ್ರಾನ್ಸಿಸ್ಟರುಗಳು ಸಂಸಾರ ಹೂಡುತ್ತವೆ!

ಈಗ ಒಂದು ಒಗಟು. ಚಿಪ್‌ನ ಮೇಲೆ ಒಂದೇ ಪದರದಲ್ಲಿ ಎರಡು ಚೌಕ ಕೊರೆದಿದ್ದಾರೆ. ಒಂದು ಚಿಕ್ಕದು, ಇನ್ನೊಂದು ಅದರ ನೂರು ಪಟ್ಟು ದೊಡ್ಡದು. ಯಾವುದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೆಚ್ಚು? ಎರಡರದ್ದೂ ಒಂದೇ! ಉದ್ದ ಹೆಚ್ಚಾದರೆ ರೋಧ ಏರುತ್ತದೆ, ಅಗಲ ಹೆಚ್ಚಾದರೆ ಇಳಿಯುತ್ತದೆ. ಚೌಕದಲ್ಲಿ ಎರಡೂ ಸಮ. ಅದಕ್ಕೇ ಚಿಪ್ ವಿನ್ಯಾಸ ಮಾಡುವವರು ರೆಸಿಸ್ಟರನ್ನು ‘ಚೌಕಕ್ಕೆ ಇಷ್ಟು ಓಮ್’ ಎಂದು ಲೆಕ್ಕ ಹಾಕುತ್ತಾರೆ. ಎಂಥ ಚೌಕ, ಎಷ್ಟು ದೊಡ್ಡ ಚೌಕ ಎಂದು ಯಾರೂ ಕೇಳುವುದಿಲ್ಲ!

ಚೌಕಕ್ಕೆ 200 ಓಮ್ ಇರುವ ಪದರ ಅಂದುಕೊಳ್ಳಿ. 10 ಕಿಲೋಓಮ್ ಬೇಕಾದರೆ 50 ಚೌಕಗಳನ್ನು ಸಾಲಾಗಿ ಜೋಡಿಸಬೇಕು. 1 ಮೆಗಾಓಮ್ ಬೇಕೆಂದರೆ 5,000 ಚೌಕ. ಪಟ್ಟಿಯ ಅಗಲ 5 ಮೈಕ್ರಾನ್ ಇಟ್ಟರೂ ಅದರ ಉದ್ದ ಎರಡೂವರೆ ಸೆಂಟಿಮೀಟರ್! ಚಿಪ್ಪೇ ಇರುವುದು ಒಂದೆರಡು ಮಿಲಿಮೀಟರ್. ಅದರೊಳಗೆ ಎರಡೂವರೆ ಸೆಂಟಿಮೀಟರ್ ದಾರವನ್ನು ತುರುಕುವುದು ಹೇಗೆ?

ಹಾವಿನ ಹಾಗೆ ಮಡಿಚಿ ಮಡಿಚಿ! ಹೋಗಿ, ತಿರುಗಿ, ಬಂದು, ಮತ್ತೆ ತಿರುಗಿ. ಆದರೆ ತಿರುವಿನಲ್ಲಿ ಒಂದು ವಿಚಿತ್ರ ಇದೆ. ಮೂಲೆಯ ಚೌಕವನ್ನು ಪೂರ್ತಿ ಒಂದು ಚೌಕ ಎಂದು ಎಣಿಸುವಂತಿಲ್ಲ. ಅದು ಅರ್ಧ ಚೌಕಕ್ಕಿಂತ ತುಸು ಹೆಚ್ಚು, ಅಷ್ಟೇ. ನಾವು ಬೀದಿಯ ತಿರುವಿನಲ್ಲಿ ಒಳಮೈಗೆ ಸೇರಿಕೊಂಡು ನಡೆಯುತ್ತೇವಲ್ಲ, ಕರೆಂಟೂ ಹಾಗೆಯೇ ಮೂಲೆಯಲ್ಲಿ ಅಡ್ಡದಾರಿ ಹಿಡಿಯುತ್ತದೆ!

ಇಷ್ಟೆಲ್ಲ ಕಷ್ಟಪಟ್ಟು ರೆಸಿಸ್ಟರನ್ನು ಚಿಪ್‌ನೊಳಗೆ ತರುವ ದಾರಿ ಹೊಳೆದದ್ದು ಯಾರಿಗೆ? ರಜೆಯಿಲ್ಲದ ಒಬ್ಬ ಹೊಸ ನೌಕರನಿಗೆ! 1958ರ ಜುಲೈ. ಅಮೆರಿಕದ ಡಲ್ಲಾಸ್‌ನಲ್ಲಿದ್ದ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿಯ ಬಹುತೇಕ ಮಂದಿ ಒಟ್ಟಿಗೆ ಬೇಸಿಗೆ ರಜೆಗೆ ಹೋಗಿದ್ದರು. ಜಾಕ್ ಕಿಲ್ಬಿ ಆಗಷ್ಟೇ ಸೇರಿದವರು, ರಜೆ ಇನ್ನೂ ಕೂಡಿರಲಿಲ್ಲ. ಖಾಲಿ ಪ್ರಯೋಗಾಲಯದಲ್ಲಿ ಕೂತು ಯೋಚಿಸಿದರು. ಜುಲೈ 24ರಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು: ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಎಲ್ಲವನ್ನೂ ಒಂದೇ ವಸ್ತುವಿನಿಂದ ಮಾಡಿದರೆ ಇಡೀ ಸರ್ಕ್ಯೂಟನ್ನು ಒಂದೇ ತುಂಡಿನಲ್ಲಿ ಮಾಡಬಹುದು!

ಆ ಕಾಲಕ್ಕೆ ಇದು ಹುಚ್ಚು ಮಾತು. ಇಂಗಾಲದಲ್ಲಿ ಕಾಸಿಗೊಂದು ರೆಸಿಸ್ಟರ್ ಸಿಗುವಾಗ, ಚಿನ್ನದಂಥ ಬೆಲೆಯ ಸಿಲಿಕಾನಿನಲ್ಲಿ ಅದನ್ನು ಯಾರಾದರೂ ಮಾಡುತ್ತಾರೆಯೇ? ಅದೂ ಅಷ್ಟೇನೂ ಚೆನ್ನಾಗಿಲ್ಲದ ರೆಸಿಸ್ಟರನ್ನು! ಆದರೂ ಕಿಲ್ಬಿ ಹಟ ಬಿಡಲಿಲ್ಲ. ಆಗಸ್ಟಿನಲ್ಲಿ ಸಿಲಿಕಾನಿನ ಕಡ್ಡಿ ಕತ್ತರಿಸಿ ರೆಸಿಸ್ಟರ್ ಮಾಡಿದರು, ಸಿಲಿಕಾನಿನ ಸಂಧಿಯನ್ನೇ ಕೆಪಾಸಿಟರ್ ಮಾಡಿಕೊಂಡರು. ಬಿಡಿಬಿಡಿಯಾಗಿ ಜೋಡಿಸಿದ ಆ ಸರ್ಕ್ಯೂಟ್ ಕೆಲಸ ಮಾಡಿತು!

1958ರ ಸೆಪ್ಟೆಂಬರ್ 12. ಈ ಸಲ ಎಲ್ಲವೂ ಒಂದೇ ತುಂಡಿನ ಮೇಲೆ. ಸಿಲಿಕಾನ್ ಅಲ್ಲ, ಜರ್ಮೇನಿಯಂ. ಸುಮಾರು 11 ಮಿಲಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ಅಗಲ. ಗಾಜಿನ ಪಟ್ಟಿಗೆ ಅಂಟಿಸಿದ ಅದರ ಮೇಲೆ ಕೂದಲಿನಂಥ ತಂತಿಗಳು ಅಡ್ಡಾದಿಡ್ಡಿ ಎದ್ದು ನಿಂತಿದ್ದವು. ಟ್ರಾನ್ಸಿಸ್ಟರ್ ಎಷ್ಟಿತ್ತು ಗೊತ್ತೇ? ಒಂದೇ ಒಂದು! ಉಳಿದದ್ದೆಲ್ಲ ರೆಸಿಸ್ಟರ್, ಕೆಪಾಸಿಟರುಗಳ ಸಂಸಾರ. ಸ್ವಿಚ್ ಒತ್ತಿದರು. ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆ ಮೂಡಿತು. ಜಗತ್ತಿನ ಮೊದಲ ಐಸಿಗಳಲ್ಲೊಂದು ಉಸಿರಾಡಿದ್ದು ಹೀಗೆ. ಕಿಲ್ಬಿಗೆ ನೊಬೆಲ್ ಬಂದದ್ದು 2000ದಲ್ಲಿ, 42 ವರ್ಷ ಕಳೆದ ಮೇಲೆ!

ಕಿಲ್ಬಿಯ ಚಿಪ್‌ನ ಮೇಲೆ ಎದ್ದು ನಿಂತಿದ್ದ ಆ ತಂತಿಗಳ ಗೋಜಲನ್ನು ಬಿಡಿಸಿದವರು ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್. 1959ರಲ್ಲಿ ಸಿಲಿಕಾನಿನ ಮೇಲೆ ಅಲ್ಯೂಮಿನಿಯಂ ಗೆರೆಗಳನ್ನೇ ಎಳೆದು ತಂತಿ ಮಾಡುವ ದಾರಿ ತೋರಿಸಿದರು. ಇನ್ನೂ ಒಂದು ವಿಷಯ. ಕಿಲ್ಬಿಯ ಅದೇ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸ ಕೇಂದ್ರ ತೆರೆಯಿತು!

ಚಂದ್ರನ ಮೇಲೆ ಮನುಷ್ಯ ಇಳಿದದ್ದರಲ್ಲೂ ಚಿಪ್‌ನೊಳಗಿನ ರೆಸಿಸ್ಟರಿಗೆ ಪಾಲಿದೆ! ಅಪೊಲೊ ನೌಕೆಯ ಕಂಪ್ಯೂಟರಿನ ತರ್ಕವೆಲ್ಲ ಒಂದೇ ಬಗೆಯ ಐಸಿಯಿಂದ ಕಟ್ಟಿದ್ದು. ಒಂದೊಂದರಲ್ಲೂ ‘ನಾರ್’ ಎಂಬ ಎರಡೆರಡು ತರ್ಕ ಗೇಟು, ಅಂಥವು ಸುಮಾರು 2,800. ಆ ಗೇಟುಗಳ ಕುಲದ ಹೆಸರೇ ‘ರೆಸಿಸ್ಟರ್ ಟ್ರಾನ್ಸಿಸ್ಟರ್ ಲಾಜಿಕ್’. ಹೆಸರಲ್ಲಿ ಮೊದಲ ಮಣೆ ಯಾರಿಗೆ, ನೋಡಿದಿರಲ್ಲ!

ದೊಡ್ಡ ರೆಸಿಸ್ಟರ್ ಬೇಕು, ಜಾಗ ಇಲ್ಲ. ಆಗೇನು ಮಾಡುವುದು? ಬಾಬ್ ವಿಡ್ಲರ್ ಎಂಬ ಜಾಣ ಎಂಜಿನಿಯರ್ 1960ರ ದಶಕದಲ್ಲಿ ಉಪಾಯ ಹುಡುಕಿದರು. 30 ವೋಲ್ಟಿನಿಂದ 10 ಮೈಕ್ರೊಆಂಪಿಯರಿನಷ್ಟು ಪುಟ್ಟ ಕರೆಂಟು ಬೇಕಾದರೆ ನೇರ ದಾರಿಯಲ್ಲಿ 3 ಮೆಗಾಓಮ್ ಬೇಕು. ವಿಡ್ಲರ್ ದಾರಿಯಲ್ಲಿ ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿ ಮಾಡಿ ಒಂದರ ಕಾಲಿಗೆ ಸುಮಾರು 12 ಕಿಲೋಓಮ್, ಇನ್ನೊಂದರ ಕರೆಂಟಿಗೆ ಸುಮಾರು 30 ಕಿಲೋಓಮ್ ಕಟ್ಟಿದರೆ ಸಾಕು. ಸುಮಾರು ಎಪ್ಪತ್ತು ಪಟ್ಟು ಉಳಿತಾಯ! ಅಗ್ಗದ ಟ್ರಾನ್ಸಿಸ್ಟರ್ ಹಾಕಿ ದುಬಾರಿ ರೆಸಿಸ್ಟರ್ ಉಳಿಸುವ ಈ ಬುದ್ಧಿವಂತಿಕೆ ನನಗಂತೂ ಬಹಳ ಇಷ್ಟ.

ಚಿಪ್‌ನೊಳಗಿನ ರೆಸಿಸ್ಟರನ್ನು ನಂಬಬಹುದೇ? 10 ಕಿಲೋಓಮ್ ಎಂದು ಬರೆದರೆ 8 ಬರಬಹುದು, 12ಕ್ಕೂ ಏರಬಹುದು. ಶೇಕಡ 20ರಷ್ಟು ಆಚೀಚೆ ಅಲ್ಲಿ ಮಾಮೂಲು! ಆದರೆ ಪಕ್ಕಪಕ್ಕದಲ್ಲಿ ಎರಡು ರೆಸಿಸ್ಟರ್ ಮಾಡಿ ನೋಡಿ. ಎರಡೂ ಶೇಕಡ ಒಂದರೊಳಗೆ, ಜಾಗರೂಕರಾಗಿ ಮಾಡಿದರೆ 0.1ರ ಹತ್ತಿರ, ಒಂದನ್ನೊಂದು ಹೋಲುತ್ತವೆ. ಇಡ್ಲಿಯ ಹಾಗೆ! ಇವತ್ತಿನ ಹಿಟ್ಟು ನಾಳಿನ ಹಿಟ್ಟಿನಂತೆ ಇರಲಿಕ್ಕಿಲ್ಲ. ಆದರೆ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳು ಅವಳಿ ಜವಳಿ. ಅದಕ್ಕೇ ಚಿಪ್‌ನವರು ರೆಸಿಸ್ಟರಿನ ಓಮ್ ಅಂಕಿಯನ್ನು ನಂಬುವುದಿಲ್ಲ, ಅನುಪಾತವನ್ನು ನಂಬುತ್ತಾರೆ!

ಏನೂ ಕೆಲಸ ಮಾಡದ ರೆಸಿಸ್ಟರುಗಳೂ ಚಿಪ್‌ನೊಳಗಿವೆ ಎಂದರೆ ನಂಬುತ್ತೀರಾ? ಸಾಲಾಗಿ ರೆಸಿಸ್ಟರ್ ಕೊರೆಯುವಾಗ ತುದಿಯಲ್ಲಿರುವವಕ್ಕೆ ಕೊರೆತ ತುಸು ಬೇರೆ ಥರ ಬೀಳುತ್ತದೆ. ಆಗ ಎರಡೂ ತುದಿಗೆ ಒಂದೊಂದು ಡಮ್ಮಿ ರೆಸಿಸ್ಟರ್ ನಿಲ್ಲಿಸಿಬಿಡುತ್ತಾರೆ. ಬದುವಿನ ಪಕ್ಕದ ಸಾಲು ದನದ ಬಾಯಿಗೆ ಸಿಕ್ಕರೂ ಒಳಗಿನ ಬೆಳೆ ಉಳಿಯುತ್ತದಲ್ಲ, ಹಾಗೆ. ಅವು ಇರುವುದೇ ನೆರೆಯವರನ್ನು ಕಾಪಾಡಲು!

ಅಷ್ಟಾದರೂ ಸರಿಯಾಗಿಲ್ಲವೇ? ಲೇಸರ್ ತನ್ನಿ! ತೆಳು ಲೋಹದ ರೆಸಿಸ್ಟರನ್ನು ಲೇಸರಿನಿಂದ ಕಚ್ಚು ಕಚ್ಚಾಗಿ ಕೊಯ್ಯುತ್ತಾರೆ. ಕೊಯ್ದಂತೆಲ್ಲ ದಾರಿ ಕಿರಿದಾಗಿ ರೋಧ ಏರುತ್ತದೆ. ಅಳೆಯುತ್ತಾ ಕೊಯ್ದು, ಬೇಕಾದ ಅಂಕಿ ಬಂದ ಕ್ಷಣಕ್ಕೆ ನಿಲ್ಲಿಸುತ್ತಾರೆ. ಹೆಚ್ಚು ಕೊಯ್ದರೆ ಮತ್ತೆ ಅಂಟಿಸುವಂತಿಲ್ಲ!

ಇನ್ನು ಚಾರ್ಜು ಹಿಡಿದಿಡುವ ಕೆಪಾಸಿಟರಿಗೆ ಬನ್ನಿ. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಎಂದು ಬದಲಿಸುತ್ತಾರಲ್ಲ, ಅದೇ ಇದು. ಅದರ ಮೇಲೆ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್ ಎಂದು ಬರೆದಿರುತ್ತದೆ. ಬೆರಳುದ್ದದ ಡಬ್ಬಿ. ಅಷ್ಟನ್ನೇ ಚಿಪ್‌ನ ಮೇಲೆ ಚಪ್ಪಟೆಯಾಗಿ ಹಾಸಿದರೆ? ಚದರ ಮೈಕ್ರಾನಿಗೆ 1 ಫೆಮ್ಟೊಫ್ಯಾರಡ್ ಎಂಬ ಸಾಮಾನ್ಯ ಲೆಕ್ಕದಲ್ಲಿ 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಚಿಪ್ ಬೇಕು! ಮೇಲಾಗಿ ಮನೆಯ 230 ವೋಲ್ಟ್ ತಾಗಿದರೆ ಅದರ ಎರಡು ತಗಡುಗಳ ನಡುವಿನ ತೆಳು ಪೊರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಅದಕ್ಕೇ ದೊಡ್ಡ ಕೆಪಾಸಿಟರುಗಳು ಇವತ್ತಿಗೂ ಚಿಪ್‌ನ ಹೊರಗೆ, ಬೋರ್ಡಿನ ಮೇಲೆಯೇ ಕೂತಿವೆ. ನಿಮ್ಮ ಮೊಬೈಲಿನ ಬೋರ್ಡಿನಲ್ಲಿ ಸಾಸಿವೆಗಿಂತ ಸಣ್ಣವು ನೂರಾರು!

741 ಎಂಬ ಹೆಸರು ಕೇಳಿದರೆ ಡಿಪ್ಲೊಮಾ, ಬಿಇ ಮಾಡಿದವರಿಗೆಲ್ಲ ಲ್ಯಾಬ್ ನೆನಪಾಗುತ್ತದೆ. 1968ರಲ್ಲಿ ಫೇರ್‌ಚೈಲ್ಡ್‌ನ ಡೇವ್ ಫುಲಗರ್ ರೂಪಿಸಿದ ಆಪ್ ಆಂಪ್, ಅಂದರೆ ಸಂಕೇತ ಹಿಗ್ಗಿಸುವ ಚಿಪ್, ಅದು. ಅಷ್ಟು ಜನಪ್ರಿಯವಾಗಲು ದೊಡ್ಡ ಕಾರಣ ಒಂದು ಕೆಪಾಸಿಟರ್! ಅದಕ್ಕೂ ಹಿಂದಿನ ಆಪ್ ಆಂಪ್‌ಗಳಿಗೆ ಹೊರಗಿನಿಂದ ಕೆಪಾಸಿಟರ್ ಕಟ್ಟಬೇಕಿತ್ತು, ಇಲ್ಲದಿದ್ದರೆ ಅವು ಸುಮ್ಮನಿರದೆ ಕಂಪಿಸುತ್ತಿದ್ದವು. ಫುಲಗರ್ 30 ಪಿಕೊಫ್ಯಾರಡ್ ಕೆಪಾಸಿಟರನ್ನು ಒಳಗೇ ಕೂರಿಸಿಬಿಟ್ಟರು. ಸೂಕ್ಷ್ಮದರ್ಶಕದಲ್ಲಿ 741ರ ಒಡಲು ನೋಡಿದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಅಗಲವಾದ ಚಪ್ಪಡಿ ಅದೇ!

ಈಗ ಬರುವುದು ನನ್ನ ಪಾಲಿಗೆ ಎಲ್ಲಕ್ಕಿಂತ ಸೊಗಸಾದ ಸಂಗತಿ. ಕೆಪಾಸಿಟರು ರೆಸಿಸ್ಟರಿನ ವೇಷ ಹಾಕಬಲ್ಲದು! ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರು ಸಾಗಿಸಬೇಕು. ಸಣ್ಣ ಕೊಳವೆ ಇಡಬಹುದು. ಅಥವಾ ಲೋಟದಲ್ಲಿ ಮೊಗೆದು ಮೊಗೆದು ಸುರಿಯಬಹುದು. ದೂರದಿಂದ ನೋಡಿದರೆ ಎರಡೂ ಒಂದೇ. ಕೊಳವೆ ರೆಸಿಸ್ಟರ್, ಲೋಟ ಕೆಪಾಸಿಟರ್, ಮೊಗೆಯುವ ಕೈ ಟ್ರಾನ್ಸಿಸ್ಟರ್ ಸ್ವಿಚ್ಚು.

ಲೆಕ್ಕ ನೋಡಿ. 1 ಪಿಕೊಫ್ಯಾರಡ್ ಲೋಟದಲ್ಲಿ ಸೆಕೆಂಡಿಗೆ ಒಂದು ಲಕ್ಷ ಬಾರಿ ಮೊಗೆದರೆ ಅದು 10 ಮೆಗಾಓಮ್ ರೆಸಿಸ್ಟರಿಗೆ ಸಮ! ಹಾವಿನಂತೆ ಮಡಿಚಿದ ಪಟ್ಟಿಯಲ್ಲಿ ಅಷ್ಟು ಮಾಡಲು 25 ಸೆಂಟಿಮೀಟರ್ ಬೇಕಿತ್ತು. ಈ ಲೋಟಕ್ಕೆ 32 ಮೈಕ್ರಾನಿನ ಒಂದು ಚೌಕ ಸಾಕು. 1970ರ ದಶಕದಲ್ಲಿ ಅಮೆರಿಕದ ಬರ್ಕಲಿಯಲ್ಲಿ ಪಾಲ್ ಗ್ರೇ ಮತ್ತು ಸಂಗಡಿಗರು ಇದನ್ನು ಚಿಪ್‌ಗೆ ತಂದರು. ಆದರೆ ಮೂಲ ಉಪಾಯ ಎಷ್ಟು ಹಳೆಯದು ಗೊತ್ತೇ? ಮ್ಯಾಕ್ಸ್‌ವೆಲ್ 1873ರಷ್ಟು ಹಿಂದೆಯೇ ತಮ್ಮ ಗ್ರಂಥದಲ್ಲಿ ಬರೆದಿದ್ದರು!

ಕೆಪಾಸಿಟರು ತಕ್ಕಡಿಯ ಬಟ್ಟೂ ಆಗುತ್ತದೆ! ಸಂತೆಯಲ್ಲಿ ದೊಡ್ಡ, ಚಿಕ್ಕ, ಇನ್ನೂ ಚಿಕ್ಕ ಬಟ್ಟುಗಳನ್ನು ಇಟ್ಟು ತೆಗೆದು ತೂಗುತ್ತಿದ್ದರಲ್ಲ. ಅದೇ ಥರ ಒಂದಕ್ಕಿಂತ ಒಂದು ಅರ್ಧದಷ್ಟಿರುವ ಕೆಪಾಸಿಟರುಗಳನ್ನು ಸೇರಿಸಿ ಬಿಡಿಸಿ ಚಿಪ್ ವೋಲ್ಟೇಜನ್ನು ತೂಗಿ ಅಂಕಿಯಾಗಿಸುತ್ತದೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆಯೇ? ಹಾಗಿದ್ದರೆ ಅದರೊಳಗೆ ಸುಮಾರು 6,870 ಕೋಟಿ ಕೆಪಾಸಿಟರುಗಳಿವೆ! ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ತಲಾ ಎಂಟರಂತೆ ಹಂಚಬಹುದು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಇಷ್ಟು ಸರಳ ಮಾಡಿದವರು ಐಬಿಎಂನ ರಾಬರ್ಟ್ ಡೆನಾರ್ಡ್. ಹೊಳೆದದ್ದು 1966ರಲ್ಲಿ, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ.

ಆ ಒಂದೊಂದು ಕೆಪಾಸಿಟರಿನಲ್ಲಿ ಎಷ್ಟು ಎಲೆಕ್ಟ್ರಾನ್ ಹಿಡಿಯುತ್ತವೆ? 10 ಫೆಮ್ಟೊಫ್ಯಾರಡ್, 1 ವೋಲ್ಟ್ ಎಂದು ಹಿಡಿದರೆ ಸುಮಾರು 62,000. ನಿಮ್ಮ ಹೆಸರಿನ ಒಂದೊಂದು ಅಕ್ಷರವೂ ಅಲ್ಲಿ ಕೂತಿರುವುದು ಇಂಥ ಚಿಟಿಕೆ ಎಲೆಕ್ಟ್ರಾನುಗಳ ಮೇಲೆ!

ಅದೂ ಸೋರುತ್ತಿರುತ್ತದೆ! ತೂತು ಬಿಂದಿಗೆಯ ಹಾಗೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ ಸುಮಾರು ಹದಿನಾರು ಸಲ, ಎಲ್ಲವನ್ನೂ, ಒಂದನ್ನೂ ಮರೆಯದೆ. ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಎಷ್ಟು ಸಲ ತುಂಬಿಯಾಯಿತೋ!

ಇನ್ನೂ ವಿಚಿತ್ರ ಕೇಳಿ. ಈ ಕೆಪಾಸಿಟರನ್ನು ಓದಿದರೆ ಅದು ಖಾಲಿ! ಓದಿದ ಕೂಡಲೇ ಚಿಪ್ ಅದೇ ಮಾತನ್ನು ವಾಪಸ್ ಬರೆದಿಡುತ್ತದೆ. ಪ್ರತಿ ಸಲವೂ!

ಚಳಿಯಾದರೆ ಸೋರಿಕೆ ನಿಧಾನವಾಗುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಪ್ರೇ ಡಬ್ಬಿ ತಲೆಕೆಳಗು ಹಿಡಿದು ರ‍್ಯಾಮ್ ಅನ್ನು ಮೈನಸ್ 50 ಡಿಗ್ರಿಗೆ ತಣ್ಣಗಾಗಿಸಿದರು. ಕರೆಂಟು ತೆಗೆದ ಮೇಲೂ ಒಳಗಿದ್ದ ರಹಸ್ಯ ಕೀಲಿಗಳು ನಿಮಿಷಗಟ್ಟಲೆ ಹಾಗೇ ಉಳಿದವು!

ಕಣ್ಣಿಗೆ ಕಾಣದ ಶತ್ರುವೂ ಇದ್ದಾನೆ. 1970ರ ದಶಕದಲ್ಲಿ ಮೆಮೊರಿ ಚಿಪ್‌ಗಳು ಕಾರಣವಿಲ್ಲದೆ ತಪ್ಪು ಹೇಳತೊಡಗಿದವು. ಚಿಪ್ ಕೆಟ್ಟಿಲ್ಲ, ಆದರೂ 1 ಇದ್ದದ್ದು 0 ಆಗಿದೆ. 1978ರಲ್ಲಿ ಇಂಟೆಲ್ ಎಂಜಿನಿಯರುಗಳು ಕಳ್ಳನನ್ನು ಹಿಡಿದರು. ಚಿಪ್ ಹೊದ್ದಿದ್ದ ಹೊದಿಕೆಯಲ್ಲೇ ಯುರೇನಿಯಂ, ಥೋರಿಯಂನ ಲವಲೇಶ! ಅಲ್ಲಿಂದ ಚಿಮ್ಮಿದ ಆಲ್ಫಾ ಕಣ ಕೆಪಾಸಿಟರಿನ ಚಾರ್ಜನ್ನು ಕೆಡಿಸುತ್ತಿತ್ತು.

ಟ್ರಾನ್ಸಿಸ್ಟರ್ ಸ್ವಿಚ್ಚನ್ನು ಆಡಿಸುವ ಗೇಟ್ ಕೂಡ ಒಂದು ಕೆಪಾಸಿಟರೇ. ಅದರ ಪೊರೆಯನ್ನು ತೆಳು ಮಾಡುತ್ತಾ ಮಾಡುತ್ತಾ 1.2 ನ್ಯಾನೊಮೀಟರಿಗೆ ಬಂದು ಮುಟ್ಟಿದರು. ಕೇವಲ ಐದು ಪರಮಾಣುಗಳಷ್ಟು ದಪ್ಪ! ಎಲೆಕ್ಟ್ರಾನುಗಳು ಅದರೊಳಗೆ ನುಸುಳಿ ಸೋರತೊಡಗಿದವು. 2007ರಲ್ಲಿ ಇಂಟೆಲ್ ಹ್ಯಾಫ್ನಿಯಂ ಬೆರೆತ ದಪ್ಪ ಪೊರೆ ತಂದ ಮೇಲೆ ಸೋರಿಕೆ ಹತೋಟಿಗೆ ಬಂತು.

ಗೇಮ್ ಆಡುವಾಗ ಫೋನ್ ಬಿಸಿಯಾಗುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಈ ಕೋಟ್ಯಂತರ ಪುಟ್ಟ ಕೆಪಾಸಿಟರುಗಳನ್ನು ತುಂಬಿ ಖಾಲಿ ಮಾಡುವುದರಿಂದಲೇ ಬರುತ್ತದೆ!

ಬೇಡವೆಂದರೂ ಹುಟ್ಟಿಕೊಳ್ಳುವ ರೆಸಿಸ್ಟರ್, ಕೆಪಾಸಿಟರುಗಳಿವೆ. ಚಿಪ್‌ನೊಳಗಿನ ತಂತಿಗೇ ರೋಧ ಇದೆ, ಪಕ್ಕದ ತಂತಿಯ ಜೊತೆ ಸೇರಿ ಅದೇ ಕೆಪಾಸಿಟರೂ ಆಗುತ್ತದೆ. ಸಂಕೇತ ತಡವಾಗುತ್ತದೆ. ಅದಕ್ಕೇ ಐಬಿಎಂ 1997ರಲ್ಲಿ ಅಲ್ಯೂಮಿನಿಯಂ ಬಿಟ್ಟು ತಾಮ್ರ ಹಿಡಿಯುವುದಾಗಿ ಘೋಷಿಸಿತು.

ಸುಮ್ಮನೆ ಬಿದ್ದಿರುವ ರೆಸಿಸ್ಟರೂ ಗುನುಗುತ್ತಿರುತ್ತದೆ! ಬಿಸಿಗೆ ಎಲೆಕ್ಟ್ರಾನುಗಳು ಅಲುಗಾಡುವ ಸದ್ದು ಅದು. ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ 1928ರಲ್ಲಿ ಇದನ್ನು ಪ್ರಕಟಿಸಿದರು. ಇನ್ನೂ ಸೋಜಿಗವೆಂದರೆ, ರೆಸಿಸ್ಟರಿನ ಮೂಲಕ 1 ಪಿಕೊಫ್ಯಾರಡ್ ಕೆಪಾಸಿಟರ್ ತುಂಬಿದರೆ ಅದರ ಮೇಲೆ ಉಳಿಯುವ ಸದ್ದು 64 ಮೈಕ್ರೊವೋಲ್ಟ್. ರೆಸಿಸ್ಟರ್ 1 ಓಮ್ ಇರಲಿ, ಮೆಗಾಓಮ್ ಇರಲಿ, ಅಷ್ಟೇ!

ಫೋನಿನ ಬೆರಳಚ್ಚು ಗುಂಡಿ ಮುಟ್ಟುತ್ತೀರಲ್ಲ, ಬಹಳಷ್ಟು ಫೋನುಗಳಲ್ಲಿ ಆಗ ನಿಮ್ಮ ಚರ್ಮವೇ ಕೆಪಾಸಿಟರಿನ ಒಂದು ತಗಡು! ಗೆರೆಯ ಉಬ್ಬು ಹತ್ತಿರ, ತಗ್ಗು ದೂರ. ಆ ಅಂತರವನ್ನೇ ಚಿಪ್ ಅಳೆಯುತ್ತದೆ. ಫೋನ್ ಅಡ್ಡ ಹಿಡಿದರೆ ಚಿತ್ರ ತಿರುಗುವುದೂ ಕೆಪಾಸಿಟರಿನಿಂದ. ಒಂದರೊಳಗೊಂದು ಹೊಕ್ಕ ಎರಡು ಸಿಲಿಕಾನ್ ಬಾಚಣಿಗೆಗಳು ಒಳಗಿವೆ, ಒಂದು ತೂಗಾಡುತ್ತದೆ. ನೆಲ ಯಾವ ಕಡೆ ಎಂದು ಫೋನಿಗೆ ತಿಳಿಯುವುದು ಹೀಗೆ!

ಕಡೆಗೆ 555. ಎಂಟು ಕಾಲಿನ ಈ ಟೈಮರ್ ಐಸಿ ಕೈಯಲ್ಲಿ ಹಿಡಿಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ನಮ್ಮಲ್ಲಿ ಇರಲಾರರು. ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ಕ್ಯಾಮೆನ್ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಒಬ್ಬರೇ ಕೂತು ವಿನ್ಯಾಸ ಮಾಡಿದ್ದು. ಮೊದಲ ನಕ್ಷೆಗೆ ಒಂಬತ್ತು ಕಾಲು ಬೇಕಿತ್ತು, ಎಂಟು ಕಾಲಿನ ಕವಚದಲ್ಲಿ ಹಿಡಿಸುತ್ತಿರಲಿಲ್ಲ. ಆಮೇಲೆ ಒಳಗಿನ ಕರೆಂಟ್ ಮೂಲವನ್ನೇ ತೆಗೆದು, ಆ ಕೆಲಸಕ್ಕೆ ಹೊರಗಿನ ಒಂದು ಸಾದಾ ರೆಸಿಸ್ಟರ್ ಸಾಕೆಂದು ಅವರಿಗೆ ಹೊಳೆಯಿತು. ಒಂಬತ್ತನೆಯ ಕಾಲು ಮಾಯ!

‘ಒಳಗೆ ಮೂರು 5 ಕಿಲೋಓಮ್ ರೆಸಿಸ್ಟರ್ ಇವೆ, ಅದಕ್ಕೇ 555’ ಎಂದು ನಮಗೆಲ್ಲ ತರಗತಿಯಲ್ಲಿ ಹೇಳಿಕೊಟ್ಟದ್ದು. ರೆಸಿಸ್ಟರುಗಳು ಇರುವುದು ನಿಜ. ಆದರೆ ಹೆಸರಿಗೂ ಅವಕ್ಕೂ ಸಂಬಂಧವಿಲ್ಲ, ಆ ಅಂಕಿ ಸುಮ್ಮನೆ ಇಟ್ಟದ್ದು ಎಂದು ಕ್ಯಾಮೆನ್ಜಿಂಡ್ ಅವರೇ ಹೇಳಿದ್ದಾರೆ! ಆ ಮೂರೂ 5ರ ಬದಲು 4 ಆದರೂ 6 ಆದರೂ 555 ಕೆಡುವುದಿಲ್ಲ. ಮೂರೂ ಸಮ ಇದ್ದರಾಯಿತು. ಒಂದೇ ತಟ್ಟೆಯ ಇಡ್ಲಿ!

ಈ ಭಾನುವಾರ ಮನೆಯ ಮಕ್ಕಳನ್ನು ಕೂರಿಸಿಕೊಂಡು ನೀವೇ ಮಾಡಿ ನೋಡಿ. ಒಂದು 555, 9 ವೋಲ್ಟ್ ಬ್ಯಾಟರಿ, 100 ಕಿಲೋಓಮ್ ರೆಸಿಸ್ಟರ್, 100 ಮೈಕ್ರೊಫ್ಯಾರಡ್ ಕೆಪಾಸಿಟರ್, ಒಂದು ಎಲ್ಇಡಿ, ಅದಕ್ಕೊಂದು 1 ಕಿಲೋಓಮ್, ಒತ್ತುವ ಗುಂಡಿ, ಅದಕ್ಕೊಂದು 10 ಕಿಲೋಓಮ್. ಒಮ್ಮೆ ಹತ್ತಿ ತಾನೇ ಆರುವ ‘ಮಾನೋಸ್ಟೇಬಲ್’ ನಕ್ಷೆ ಯಾವ ಪಠ್ಯದಲ್ಲೂ ಸಿಗುತ್ತದೆ. ರೆಸಿಸ್ಟರನ್ನು ಕೆಪಾಸಿಟರಿನಿಂದ ಗುಣಿಸಿ, 1.1ರಿಂದ ಮತ್ತೊಮ್ಮೆ ಗುಣಿಸಿ, ಬರುವುದೇ ದೀಪ ಉರಿಯುವ ಸೆಕೆಂಡುಗಳು. ಗುಂಡಿ ಒತ್ತಿ ಬಿಡಿ, ದೀಪ ಹತ್ತುತ್ತದೆ. ಮಕ್ಕಳಿಗೆ ಎಣಿಸಲು ಹೇಳಿ. ಹೆಚ್ಚುಕಡಿಮೆ 11 ಸೆಕೆಂಡಿಗೆ ಆರುತ್ತದೆ!